ಅಳುವ ಕೂಸೂ ನಡೆಯುವ ಕಾಲೂ

ರಚ್ಚೆ ಹಿಡಿದ ಕೂಸನ್ನು ಬಗಲಲ್ಲಿ ಎತ್ತಿಕೊಂಡು ಓಣಿಯಲ್ಲಿ ಅಡ್ಡಾಡಿದರೆ ಅದು ಸುಮ್ಮನಾಗುವುದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮನೆಮನೆಯೂ ಬಲ್ಲದು. ಎತ್ತಿಕೊಂಡು ಕುಳಿತರೆ ಅಳು ನಿಲ್ಲದು, ಏಕೆ? ಸಮವೇಗದ ಚಲನೆಗೂ ನಿಶ್ಚಲತೆಗೂ ಇರುವ ಭೇದವನ್ನು ಒಳಗಿವಿಯು ಅರಿಯದು. ಅದು ಅರಿಯುವುದು ವೇಗೋತ್ಕರ್ಷವನ್ನು. ನಡೆಯುವವರ ಪ್ರತಿಯೊಂದು ಹೆಜ್ಜೆಯಲ್ಲಿಯೂ ಅದುಂಟು. ಅಳುವ ಕೂಸನ್ನು 5 ನಿಮಿಷ ಹೊತ್ತು ನಡೆದು, ನಿದ್ದೆ ಹತ್ತಿದ ಮೇಲೆ 5ರಿಂದ 8 ನಿಮಿಷ ಕುಳಿತು, ಅನಂತರ ಮಲಗಿಸುವುದು ಲೇಸೆಂದು ಜಪಾನಿನ ರಿಕೆನ್ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ತಳ್ಳುಗಾಡಿಯೂ ಆದೀತು; ಆದರೆ ಅದರ ಕಿರುಗಾಲಿಗಳಿಗೆ ನಮ್ಮ ಓಣಿಗಳ ಕಲ್ಲುಕುಣಿಗಳು ಒಗ್ಗವು! ಎತ್ತಿದರೆ ಕೂಸು ಕೆಡುವುದೆಂಬ ಮಾತನ್ನು ನಾವು ಒಪ್ಪೆವು. ತಾಯಿಯೊಬ್ಬಳೇ ನಡೆಯಬೇಕೆಂಬ ನಿಯಮವಂತೂ ಭೌತಶಾಸ್ತ್ರದಲ್ಲಿಲ್ಲ. ಕಾಲೇಜಿಗೆ ಹೋಗುವ ಅಣ್ಣಂದಿರು ಪುಸ್ತಕ ಮುಚ್ಚಿ ಆ 5 ನಿಮಿಷ ನಡೆಯಲಿ.