ಆರು ವಾರ, ಆರು ವರ್ಷ

2020ರ ಏಪ್ರಿಲ್‌ನಲ್ಲಿ ಮುಂಬಯಿ ಮೇಯರ್ ಕಿಶೋರಿ ಪೆಡ್ನೇಕರ್ ನರ್ಸ್ ಸಮವಸ್ತ್ರ ತೊಟ್ಟು ನಾಯರ್ ಆಸ್ಪತ್ರೆಗೆ ಹೋಗಿ ದಾದಿಯರಿಗೆ ಧೈರ್ಯ ಹೇಳಿದ್ದರು. ಅವರೂ ಹಿಂದೆ ದಾದಿಯಾಗಿದ್ದವರೇ. ಜನರು ಆರಿಸಿದವರು ಕಷ್ಟಕಾಲದಲ್ಲಿ ಏಕೆ ಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆಗ ನಡೆಯಬೇಕಿದ್ದ ನವಿ ಮುಂಬಯಿ ಪಾಲಿಕೆಯ ಚುನಾವಣೆ ಕೊರೊನಾದಿಂದಾಗಿ ಮುಂದೆ ಹೋಯಿತು. ಬ್ರೆಜಿಲ್ ತನ್ನ ನಗರಗಳ ಚುನಾವಣೆಯನ್ನು ಆರು ವಾರವಷ್ಟೇ ಮುಂದೂಡಿ, ನವೆಂಬರ್‌ನಲ್ಲಿ ಮಾಸ್ಕ್ ಹಾಕಿಸಿಯೇ ಮತ ಪಡೆಯಿತು. ನಮ್ಮಲ್ಲಿ ರೋಗ ಇಳಿದರೂ ವಾರ್ಡ್ ಗಡಿ, ಹಿಂದುಳಿದ ವರ್ಗಗಳ ಮೀಸಲಾತಿಯ ವ್ಯಾಜ್ಯ ಮುಗಿಯಲಿಲ್ಲ. 2022ರ ಮಾರ್ಚ್‌ನಲ್ಲಿ ಮುಂಬಯಿ ಪಾಲಿಕೆಯೂ ಆಡಳಿತಾಧಿಕಾರಿಯ ಕೈಸೇರಿತು. ಗಟಾರ ಕಟ್ಟಿಕೊಂಡರೆ, ನಲ್ಲಿ ಒಣಗಿದರೆ ಕೇಳಲು ನಗರಸೇವಕರೇ ಇರಲಿಲ್ಲ. ಕೊನೆಗೆ ಎರಡೂ ನಗರಗಳು ಮತ ಹಾಕಿದ್ದು 2026ರ ಜನವರಿ 15ರಂದು. ಇಷ್ಟು ತಡ ಕ್ಷಮಿಸುವಂಥದ್ದಲ್ಲ.