ಪಾಳಣಾಘರದ ಕಲಿಕೆ ಹಗುರವಾದ ಕೆಲಸವಲ್ಲ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಆ ಎಳೆಯ ಗಿಡಕ್ಕೆ ಹಗಲೆಲ್ಲ ನೀರೆರೆಯುವ ಕೈ ಯಾರದು, ಆ ಕೈ ತನ್ನ ವಿದ್ಯೆಯನ್ನು ಎಲ್ಲಿ ಕಲಿಯಿತು ಎಂದು ವಿಚಾರಿಸುವವರು ವಿರಳ.

ಠಾಣೆಯ ನೌಪಾಡಾದಂತಹ ಬಡಾವಣೆಯಲ್ಲಿ ಈ ಪ್ರಶ್ನೆ ಬರಿಯ ತತ್ತ್ವದ್ದಲ್ಲ. ಪತಿ-ಪತ್ನಿಯರಿಬ್ಬರೂ ಬೆಳಗಿನ ಲೋಕಲ್ ಗಾಡಿ ಹಿಡಿಯಬೇಕಾದ ಮನೆಗಳಿವು. ಊರಿನಲ್ಲಾದರೆ ಅಜ್ಜಿ, ದೊಡ್ಡಮ್ಮ, ಅತ್ತೆಯರ ಮಡಿಲಿನಲ್ಲಿ ಬೆಳೆಯುತ್ತಿದ್ದ ಕೂಸು ಇಲ್ಲಿ ನೆರೆಯ ಮರಾಠಿ ಬಂಧುಗಳು ‘ಪಾಳಣಾಘರ್’, ಅಂದರೆ ತೊಟ್ಟಿಲಮನೆ, ಎಂದು ಕರೆಯುವ ಶಿಶುಪಾಲನಾ ಕೇಂದ್ರದಲ್ಲಿ ದಿನ ಕಳೆಯುತ್ತದೆ. ಅಂತಹ ಕೇಂದ್ರಗಳಿಗೆ ಕಾಲೇಜಿನ ಹುಡುಗಿಯರು, ಒಮ್ಮೊಮ್ಮೆ ಹುಡುಗರೂ, ಕೆಲವು ವಾರಗಳ ಪ್ರಾಯೋಗಿಕ ತರಬೇತಿಗೆಂದು ಹೋಗುವುದುಂಟು. ಇದಕ್ಕೆ ಈಗ ಇಂಟರ್ನ್‌ಶಿಪ್ ಎಂದು ಹೆಸರು.

ಈ ತರಬೇತಿಯ ವಿಷಯದಲ್ಲಿ ಎರಡು ತಪ್ಪು ಕಲ್ಪನೆಗಳಿವೆ. “ಇಷ್ಟು ಓದಿ ಕಂಡವರ ಮಕ್ಕಳ ಮೂಗು ಒರೆಸಬೇಕೇ?” ಎಂಬುದು ಮನೆಯವರ ಅಸಮಾಧಾನ. “ಮಕ್ಕಳೊಡನೆ ಆಡಿಕೊಂಡಿದ್ದರಾಯಿತು, ಅದರಲ್ಲೇನು ಮಹಾ!” ಎಂಬುದು ಗೆಳತಿಯರ ಹಗುರ ಮಾತು. ಮೊದಲನೆಯದು ಕೆಲಸವನ್ನು ಕೀಳಾಗಿ ಕಂಡರೆ ಎರಡನೆಯದು ಸುಲಭವೆಂದು ಭ್ರಮಿಸುತ್ತದೆ. ಎರಡರಿಂದಲೂ ನಷ್ಟವಾಗುವುದು ಮಗುವಿಗೆ.

ಈ ವಿದ್ಯೆ ಎಷ್ಟು ಗಂಭೀರವಾದುದೆಂಬುದಕ್ಕೆ ಹಳೆಯ ಠಾಣೆ ಜಿಲ್ಲೆಯೇ ಸಾಕ್ಷಿ. 1945ರಲ್ಲಿ ತಾರಾಬಾಯಿ ಮೋಡಕ್ ಅವರು ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಣ ಕೇಂದ್ರವನ್ನು ಆರಂಭಿಸಿದಾಗ ಅನುತಾಯಿ ವಾಘ್ ಅವರು ಜೊತೆಗೂಡಿದರು. ಬಾಲವಿಧವೆಯಾಗಿಯೂ ಛಲದಿಂದ ಓದಿ, ಶಾಲಾ ಶಿಕ್ಷಕಿಯಾಗಿ ಅನುಭವ ಪಡೆದಿದ್ದ ಅನುತಾಯಿ ಎಳೆಯರ ಶಿಕ್ಷಣವನ್ನು ತಾರಾಬಾಯಿಯವರ ಬಳಿ ಹೊಸದಾಗಿ ಕಲಿತರು. 1957ರಲ್ಲಿ ಆ ಕಾರ್ಯ ಕೋಸಬಾಡದ ಗುಡ್ಡಕ್ಕೆ, ಆದಿವಾಸಿ ಮಕ್ಕಳ ನಡುವೆ ನೆಲೆಗೊಂಡಿತು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬುದು ಅವರ ದಾರಿ. ಆ ಊರುಗಳು 2014ರಿಂದ ಪಾಲಘರ್ ಜಿಲ್ಲೆಗೆ ಸೇರಿವೆ. ಅನುಭವಿ ಶಿಕ್ಷಕಿಯೇ ಮತ್ತೆ ಕಲಿಯಬೇಕಾಯಿತೆಂದರೆ, ಹದಿನೆಂಟು ಇಪ್ಪತ್ತರ ವಿದ್ಯಾರ್ಥಿನಿ ಮೊದಲ ದಿನವೇ ಹತ್ತು ಕೂಸುಗಳನ್ನು ಒಬ್ಬಳೇ ಸಂಭಾಳಿಸಬೇಕೆನ್ನುವುದು ಎಷ್ಟರ ಮಟ್ಟಿಗೆ ನ್ಯಾಯ?

ಆದುದರಿಂದ ತರಬೇತಿಯ ಮೊದಲ ದಿನಗಳು ನೋಡುವುದಕ್ಕೆ ಮೀಸಲಾಗಬೇಕು. ಎಂಟು ತಿಂಗಳಿನಿಂದ ಎರಡು ವರ್ಷದವರೆಗಿನ ಮಗು ಹೊಸ ಮುಖ ಕಂಡು ಅಳುವುದು ಸಹಜ. ಅದು ಹಟವಲ್ಲ, ತನ್ನವರಾರೆಂದು ಅರಿತ ಲಕ್ಷಣ. ಅಂತಹ ಮಗುವನ್ನು ಬಲವಂತವಾಗಿ ಎತ್ತಿಕೊಳ್ಳದೆ, ಸಮೀಪದಲ್ಲಿ ನೆಲದ ಮೇಲೆ ಕುಳಿತು ಅದೇ ಬಳಿಗೆ ಬರುವವರೆಗೆ ಕಾಯುವುದು ಮೊದಲ ಪಾಠ. ಆರು ವಾರದಲ್ಲಿ ಹೊರಟುಹೋಗುವವಳ ಕೈಗೆ ಕೂಸನ್ನು ಪೂರ್ಣವಾಗಿ ಒಪ್ಪಿಸಿದರೆ, ಅವಳು ಹೋದ ದಿನ ಆ ಎಳೆಯ ಮನಸ್ಸು ಮತ್ತೊಮ್ಮೆ ಅಗಲಿಕೆಯನ್ನು ಅನುಭವಿಸುತ್ತದೆ. ತರಬೇತಿಗೆ ಬಂದವರು ಆಯಾಗಳ ಬದಲಿಗಲ್ಲ, ಅವರ ಜೊತೆಗೆ. ಬಿಟ್ಟಿ ದುಡಿಮೆಯ ಆಸೆಯಿಂದ ಈ ವ್ಯತ್ಯಾಸವನ್ನು ಮರೆಯುವ ಕೇಂದ್ರ ವಿದ್ಯಾರ್ಥಿನಿಗೂ ಮಗುವಿಗೂ ಅನ್ಯಾಯ ಮಾಡುತ್ತದೆ.

ಆರೋಗ್ಯದ ದೃಷ್ಟಿಯಿಂದಂತೂ ಅಲಕ್ಷ್ಯ ಸಲ್ಲದು. ಹೊಲಸು ಬಟ್ಟೆ ಬದಲಿಸಿದ ಮೇಲೆ ಹಾಗೂ ಉಣಿಸುವ ಮುನ್ನ ಸಾಬೂನಿನಿಂದ ಕನಿಷ್ಠ 20 ಸೆಕೆಂಡು ಕೈ ತೊಳೆಯಬೇಕು. ಭೇದಿಯನ್ನೂ ನೆಗಡಿಯನ್ನೂ ಮಗುವಿನಿಂದ ಮಗುವಿಗೆ ಹೊತ್ತೊಯ್ಯುವುದು ಹೆಚ್ಚಾಗಿ ಕೈಗಳೇ. ವರ್ಷದೊಳಗಿನ ಕೂಸನ್ನು ಬೆನ್ನ ಮೇಲೆ ಮಲಗಿಸಬೇಕು, ಪಕ್ಕದಲ್ಲಿ ಮೆತ್ತನೆಯ ದಿಂಬುಗಳಿರಬಾರದು. ಇಡೀ ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ ಎಳೆಯರ ಗಂಟಲಿಗೆ ಸಿಕ್ಕಿ ಪ್ರಾಣಕ್ಕೇ ಅಪಾಯ ತರಬಲ್ಲವು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದೂ ಸಲ್ಲದು. ಹೆತ್ತವರು ಬರೆದುಕೊಡದೆ ಯಾವ ಔಷಧವನ್ನೂ ಕೊಡತಕ್ಕದ್ದಲ್ಲ. ತನಗೇ ಜ್ವರ, ಕೆಮ್ಮು ಇರುವ ದಿನ ತರಬೇತಿಯವಳು ಮನೆಯಲ್ಲಿರುವುದೇ ದೊಡ್ಡ ಸೇವೆ.

ಇಲ್ಲಿ ಕನ್ನಡಿಗರಿಗೇ ವಿಶಿಷ್ಟವಾದ ಸಂಗತಿಯೊಂದಿದೆ. ಮನೆಯಲ್ಲಿ ‘ಮಮ್ಮು’, ‘ತಾಚಿ’, ‘ಉಚ್ಚೆ’ ಎಂದಷ್ಟೇ ಬಲ್ಲ ಕೂಸು, ಮರಾಠಿ ಹಿಂದಿ ಮಾತ್ರ ಬಲ್ಲ ಆಯಾಳೆದುರು ಮೂಕವಾಗುತ್ತದೆ. ಅದರ ಹಸಿವೂ ನಿದ್ರೆಯೂ ಅಳುವಾಗಿ ಪರಿಣಮಿಸುತ್ತವೆ. ತಾಯಂದಿರು ಇಂತಹ ಹತ್ತು ಹನ್ನೆರಡು ಮಾತುಗಳನ್ನು ಅರ್ಥಸಹಿತ ಬರೆದುಕೊಟ್ಟರೆ ಎಷ್ಟೋ ಕಣ್ಣೀರು ಉಳಿದೀತು. ಕನ್ನಡ ಬಲ್ಲ ತರಬೇತಿಯವಳು ಅಲ್ಲಿದ್ದರೆ ಈ ಸೇತುವೆಯನ್ನು ಅವಳೇ ಕಟ್ಟಬಲ್ಲಳು. ಅಂತೆಯೇ ಅವಳು ತಮಿಳು, ಗುಜರಾತಿ ಮನೆಗಳ ಕೂಸುಗಳ ಮಾತನ್ನೂ ಕೇಳಿ ತಿಳಿಯಬೇಕು.

ಕಾನೂನು ತನ್ನ ಪಾಲಿನ ಹೆಜ್ಜೆ ಇಟ್ಟಿದೆ. 1948ರ ಕಾರ್ಖಾನೆ ಕಾಯಿದೆ ದುಡಿಯುವ ತಾಯಂದಿರ ಮಕ್ಕಳಿಗೆ ಕೋಣೆ ಒದಗಿಸಲು ಹೇಳಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಸೌಕರ್ಯವನ್ನು ವಿಧಿಸಿತು. ಮೀರಾ ಮಹಾದೇವನ್ ಅವರು 1969ರಲ್ಲಿ ದೆಹಲಿಯಲ್ಲಿ ಕಟ್ಟಡ ಕೂಲಿಗಳ ಮಕ್ಕಳಿಗಾಗಿ ತೆರೆದ ಸಂಚಾರಿ ಶಿಶುಮಂದಿರ 1972ರಲ್ಲಿ ಮುಂಬಯಿಗೂ ಬಂದಿತು. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲಾರಂಭಿಸಿತು. ಆದರೆ ಕೋಣೆಯನ್ನು ಕಾನೂನು ಕಟ್ಟಿಸಬಲ್ಲದೇ ಹೊರತು, ಅದರೊಳಗೆ ತಾಳ್ಮೆಯ ಕೈಗಳನ್ನು ತಯಾರಿಸಲಾರದು. ಆ ಕೆಲಸ ಸಮಾಜದ್ದು.

ಹೆತ್ತವರು ಕೇಂದ್ರವನ್ನು ಆರಿಸುವಾಗ ಶುಲ್ಕದ ಜೊತೆಗೆ, ಹೊಸಬರಿಗೆ ಕಲಿಸುವವರು ಯಾರು, ಅವರನ್ನು ಮಕ್ಕಳೊಡನೆ ಒಂಟಿಯಾಗಿ ಬಿಡುವುದುಂಟೇ ಎಂದೂ ಕೇಳಲಿ. ಕನ್ನಡ ಸಂಘಗಳು ವರ್ಷಕ್ಕೊಂದು ದಿನ ವೈದ್ಯರನ್ನು ಕರೆಸಿ ಪ್ರಥಮ ಚಿಕಿತ್ಸೆಯ ಪಾಠ ಏರ್ಪಡಿಸಲಿ. ತರಬೇತಿಗೆ ಹೊರಟ ಮಗಳನ್ನು ಮನೆಯವರು ಹಂಗಿಸದೆ, ಸಂಜೆ ಬಂದಾಗ “ಇವತ್ತು ಏನು ಕಲಿತೆ, ತಾಯಿ?” ಎಂದು ಕೇಳಲಿ. ಇಂದು ಅವಳು ಕಲಿತ ತಾಳ್ಮೆಯೇ ನಾಳೆ ಯಾರದೋ ಮನೆಯ ಕೂಸಿಗೆ, ಬಹುಶಃ ಆ ಮನೆಯದೇ ಕೂಸಿಗೆ, ಆಸರೆಯಾಗುವುದು.