ಮೆಟ್ಟಿಲೂ ನಂಬಿಕೆಯೂ

ಚಾಮುಂಡಿ ಬೆಟ್ಟವನ್ನು ಕಾಲುನಡಿಗೆಯಲ್ಲಿ ಹತ್ತಿದವರಿಗೆಲ್ಲ ಒಂದು ದೃಶ್ಯ ಪರಿಚಿತವಾದುದು. ಹೆಂಗಸರು ಅರಿಸಿನ ಕುಂಕುಮದ ಬಟ್ಟಲು ಹಿಡಿದು, ಒಂದೊಂದು ಮೆಟ್ಟಿಲಿಗೂ ಬಾಗಿ, ಬೊಟ್ಟಿಟ್ಟು, ಮುಂದಿನ ಮೆಟ್ಟಿಲಿಗೆ ಏರುತ್ತಾರೆ. ದೊಡ್ಡ ದೇವರಾಜ ಒಡೆಯರ ಆಳ್ವಿಕೆಯಲ್ಲಿ (1659-1673) ಕಟ್ಟಿದ ಈ ಮೆಟ್ಟಿಲುಗಳು ಸಾವಿರವೆಂದು ಜನರ ಲೆಕ್ಕ; ಸಾವಿರ ಸಲ ಬಾಗಿ ಏಳುವುದು ಹುಡುಗಾಟವಲ್ಲ. ಮಗುವಿನ ಕಾಯಿಲೆ, ಮಗಳ ಮದುವೆ, ಮಗನ ಪರೀಕ್ಷೆ: ಹರಕೆಗೆ ಕಾರಣ ನೂರು. ಇದನ್ನು ಮೌಢ್ಯವೆಂದು ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಬಾಗುವ ಬೆನ್ನಿನ ನೋವು ಸುಳ್ಳಲ್ಲವಷ್ಟೆ.

ಇಂಥ ಮೆಟ್ಟಿಲುಗಳು ರೋಮ್ ನಗರದಲ್ಲಿಯೂ ಉಂಟು. ಅವು 28. ಯೇಸುವನ್ನು ವಿಚಾರಣೆಗೆ ಕರೆದೊಯ್ದಾಗ ಪಿಲಾತನ ಅರಮನೆಯಲ್ಲಿ ಆತನು ಏರಿದ ಮೆಟ್ಟಿಲುಗಳೇ ಅವು ಎಂದು ಐತಿಹ್ಯ. ಭಕ್ತರು ಅವುಗಳನ್ನು ಮೊಣಕಾಲೂರಿ ಏರುತ್ತಾರೆ. 1510-11ರ ಸುಮಾರಿನಲ್ಲಿ ಜರ್ಮನಿಯಿಂದ ಬಂದಿದ್ದ ತರುಣ ಸಂನ್ಯಾಸಿಯೊಬ್ಬನು, ತೀರಿಹೋದ ತನ್ನ ತಾತನ ಆತ್ಮಕ್ಕೆ ಯಾತನೆಯಿಂದ ಬಿಡುಗಡೆಯಾಗಲೆಂದು, ಮೆಟ್ಟಿಲಿಗೊಂದು ಪ್ರಾರ್ಥನೆ ಹೇಳುತ್ತ ಏರಿದನು. ಆತನೇ ಮಾರ್ಟಿನ್ ಲೂಥರ್. ಏರುತ್ತಿರುವಾಗಲೇ ಸಂತ ಪೌಲನ ವಾಕ್ಯವೊಂದು ಮಿಂಚಿನಂತೆ ಹೊಳೆದು ಆತನ ಬಾಳು ತಿರುಗಿತೆಂಬ ಕಥೆಯೊಂದು ಮುಂದೆ ಆತನ ಮಗನ ಮೂಲಕ ಹರಡಿತು. ಆದರೆ ಲೂಥರನೇ ಮುಪ್ಪಿನಲ್ಲಿ, 1545ರ ಉಪದೇಶವೊಂದರಲ್ಲಿ ಹೇಳಿದ ಸಂಗತಿ ಇಷ್ಟು ರೋಮಾಂಚಕವಲ್ಲ. ಮೇಲೆ ತಲಪಿದಾಗ, ಇದೆಲ್ಲ ನಿಜವೋ ಅಲ್ಲವೋ ಯಾರಿಗೆ ಗೊತ್ತು ಎಂಬ ಸಂಶಯ ತಲೆಹಾಕಿತಂತೆ. ಕಥೆಗಿಂತ ಈ ಸಪ್ಪೆ ಮಾತೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ. ಏಕೆಂದರೆ ಮೆಟ್ಟಿಲು ಹತ್ತುವವನನ್ನು ಕೊನೆಗೂ ಬಿಡದೆ ಕಾಡುವ ಪ್ರಶ್ನೆ ಇದೇ: ಮಾಡಿದ್ದು ಸಾಕಾಯಿತೆ? ಎಷ್ಟು ಮಾಡಿದರೆ ಸಾಕು?

ಈ ಪ್ರಶ್ನೆಗೆ ಲೂಥರನಿಗೆ ದೊರೆತ ಉತ್ತರ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿತ್ತು. ಮನುಷ್ಯನು ದೇವರ ಎದುರಿಗೆ ನೀತಿವಂತನೆಂದು ಎಣಿಸಲ್ಪಡುವುದು ತಾನು ಮಾಡಿದ ಕರ್ಮದಿಂದಲ್ಲ. ಕ್ರಿಸ್ತನ ಮರಣ ಪುನರುತ್ಥಾನಗಳಲ್ಲಿ ದೇವರೇ ಮಾಡಿ ಮುಗಿಸಿದ್ದನ್ನು ನಂಬುವುದರಿಂದ. ಕ್ರೈಸ್ತರು ರಕ್ಷಿಸುವ ನಂಬಿಕೆ ಎನ್ನುವುದು ಇದನ್ನೇ.

ನಾನು ಕ್ರೈಸ್ತನಲ್ಲ, ಕನ್ನಡ ಪಾಠ ಹೇಳುವವನು. ಕಿಟ್ಟೆಲ್ ಮೊದಲಾದ ಪಾದ್ರಿಗಳ ಕನ್ನಡ ಸೇವೆಯನ್ನು ತರಗತಿಯಲ್ಲಿ ಹೇಳುವಾಗ ಈ ಮಾತು ಬಂದೇ ಬರುತ್ತದೆ, ಬಂದೊಡನೆ ಯಾರಾದರೊಬ್ಬ ವಿದ್ಯಾರ್ಥಿಯ ಆಕ್ಷೇಪವೂ ಏಳುತ್ತದೆ: “ಬರಿಯ ನಂಬಿದರೆ ಸಾಕೇನು ಸಾರ್? ಹಾಗಾದರೆ ಕಳ್ಳನೂ ನಂಬಿಬಿಟ್ಟು ಪಾರಾಗಬಹುದಲ್ಲ?” ಆಕ್ಷೇಪ ನ್ಯಾಯವಾದದ್ದೇ. ಆದರೆ ಅದರ ಹಿಂದೆ ನಮ್ಮದೇ ಕ್ರಿಯಾಪದವೊಂದನ್ನು ಸರಿಯಾಗಿ ಕಿವಿಗೊಟ್ಟು ಕೇಳದಿರುವ ದೋಷವೂ ಇದೆ.

“ಹಗ್ಗ ಗಟ್ಟಿಯೆಂದು ನಂಬುತ್ತೇನೆ” ಎಂಬುದು ಒಂದು ವಾಕ್ಯ. “ಹಗ್ಗವನ್ನು ನಂಬಿ ಬಾವಿಗೆ ಇಳಿದೆ” ಎಂಬುದು ಇನ್ನೊಂದು. ಮೊದಲನೆಯದು ದಡದಲ್ಲಿ ನಿಂತವನ ಅಭಿಪ್ರಾಯ. ಎರಡನೆಯದರಲ್ಲಿ ಇಡೀ ಮೈಭಾರ ಹಗ್ಗದ ಮೇಲೆ ಬಿದ್ದಿದೆ. ನಮ್ಮ ರೈತರು “ಈ ಎರಡೆಕರೆಯನ್ನೇ ನಂಬಿಕೊಂಡಿದ್ದೇವೆ” ಎಂದಾಗ ಹೊಲದ ಅಸ್ತಿತ್ವದ ಬಗ್ಗೆ ಸಿದ್ಧಾಂತ ಹೇಳುತ್ತಿಲ್ಲ. ಬೇರೆ ಗತಿಯಿಲ್ಲ, ಬದುಕು ನಿಂತಿರುವುದೇ ಇದರ ಮೇಲೆ ಎನ್ನುತ್ತಿದ್ದಾರೆ. ಸುಧಾರಣಾಪಂಥದ ಪಂಡಿತರು ನಂಬಿಕೆಯಲ್ಲಿ ಅರಿವು, ಒಪ್ಪಿಗೆ, ಭರವಸೆ ಎಂಬ ಮೂರು ಅಂಶಗಳನ್ನು ಬಿಡಿಸಿ ತೋರಿಸಿ, ಮೂರನೆಯದಿಲ್ಲದೆ ಮೊದಲೆರಡು ಯಾರನ್ನೂ ರಕ್ಷಿಸಲಾರವೆಂದರು. ದೇವರೊಬ್ಬನೇ ಎಂಬುದನ್ನು ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಎಂದು ಯಾಕೋಬನ ಪತ್ರ ಚುಚ್ಚುವುದೂ ಈ ಅರ್ಥದಲ್ಲಿಯೇ. ಲಾಟಿನ್ ಪಾರಿಭಾಷಿಕ ಪದಗಳಿಂದ ಸಾಧಿಸಬೇಕಾದ ಈ ವಿವೇಚನೆ ನಮ್ಮಲ್ಲಿ ಒಂದು ದ್ವಿತೀಯಾ ವಿಭಕ್ತಿಯಿಂದಲೇ ಆಗಿಹೋಗುತ್ತದೆ.

ಇನ್ನೊಂದು ಸ್ವಾರಸ್ಯವುಂಟು. ಪ್ರಾಟೆಸ್ಟಂಟರ ಕನ್ನಡ ಬೈಬಲ್ಲಿನಲ್ಲಿ ‘ನಂಬಿಕೆ’ ಎಂದಿರುವ ಕಡೆ ಕಥೋಲಿಕರು ಸಾಮಾನ್ಯವಾಗಿ ‘ವಿಶ್ವಾಸ’ ಎನ್ನುತ್ತಾರೆ. ಬೆಟ್ಟದ ನಂದಿಯ ಬಳಿ ನಿಂತು ಊರ ಕಡೆ ನೋಡಿದರೆ ಕಾಣುವ ಸಂತ ಫಿಲೋಮಿನಾ ದೇವಾಲಯದ ಜೋಡಿ ಶಿಖರಗಳು ಆ ‘ವಿಶ್ವಾಸ’ದವರವು. ಅದರ ಅಸ್ತಿಭಾರದ ಕಲ್ಲನ್ನು 1933ರಲ್ಲಿ ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ ಸ್ಥಳದಲ್ಲಿ 1843ರಲ್ಲಿ ಎದ್ದ ಹಳೆಯ ಇಗರ್ಜಿಯ ಹಿಂದಿದ್ದವರು ಮುಮ್ಮಡಿಯವರು. ಬೆಟ್ಟದ ಮೇಲಿನ ಗೋಪುರವನ್ನು 1827ರಲ್ಲಿ ಕಟ್ಟಿಸಿದವರೂ ಅವರೇ. ಇರಲಿ. ಕನ್ನಡದಲ್ಲಿ ವಿಶ್ವಾಸವೆಂದರೆ ಬರಿಯ ಭರವಸೆಯಲ್ಲ, ಸ್ನೇಹವೂ ಹೌದು. ‘ಪ್ರೀತಿವಿಶ್ವಾಸ’ ಎಂದು ಜೋಡಿಸಿಯೇ ಆಡುತ್ತೇವೆ. 1547ರಲ್ಲಿ ಟ್ರೆಂಟ್ ನಗರದ ಮಹಾಸಭೆ ಲೂಥರನಿಗೆ ಕೊಟ್ಟ ಮರುನುಡಿಯ ತಿರುಳೂ ಬಹುಮಟ್ಟಿಗೆ ಇದೇ: ಪ್ರೀತಿಯೂ ನಿರೀಕ್ಷೆಯೂ ಕೂಡಿಕೊಳ್ಳದ ನಂಬಿಕೆ ಮನುಷ್ಯನನ್ನು ಕ್ರಿಸ್ತನೊಡನೆ ಪೂರ್ತಿಯಾಗಿ ಒಂದುಗೂಡಿಸದು. ಭಾಷಾಂತರಕಾರರು ಇಷ್ಟನ್ನೆಲ್ಲ ಆಲೋಚಿಸಿಯೇ ಪದಗಳನ್ನು ಆರಿಸಿದರೆಂದು ನಾನು ಹೇಳಲಾರೆ. ಪದಗಳು ಕೆಲವು ವೇಳೆ ಭಾಷಾಂತರಕಾರರಿಗಿಂತ ಜಾಣವಾಗಿರುತ್ತವೆ.

ಇಂಥ ಜಗಳ ನಮಗೂ ಹೊಸದಲ್ಲ. ಕೋತಿಯ ಮರಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಶ್ರೀವೈಷ್ಣವರ ವಡಗಲೆ ತೆಂಗಲೆಗಳ ವಾದದ ಈ ಎರಡು ನ್ಯಾಯಗಳನ್ನು ಮೈಸೂರು ಮೇಲುಕೋಟೆಗಳ ಕಡೆಯವರು ಕೇಳದಿರಲಾರರು. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ ಈ ಸಾಮ್ಯವನ್ನು ಹಿಂದೆಯೇ ಗುರುತಿಸಿದ್ದಾನೆ. ಆದರೆ ಸಾಮ್ಯ ಕಂಡೊಡನೆ “ಎಲ್ಲ ಒಂದೇ” ಎಂದು ಪುಸ್ತಕ ಮುಚ್ಚುವ ನಮ್ಮವರ ಅಭ್ಯಾಸ ನನಗೆ ಹಿಡಿಸದು. ಕ್ರೈಸ್ತನ ನಂಬಿಕೆ ಒಂದು ಕಾಲಕ್ಕೂ ಒಂದು ಸ್ಥಳಕ್ಕೂ ಗಂಟುಬಿದ್ದಿದೆ: ಪೊಂತ್ಯ ಪಿಲಾತನ ಅಧಿಕಾರದಲ್ಲಿ, ಜೆರೂಸಲೇಮಿನ ಹೊರಗೆ, ಒಬ್ಬನನ್ನು ಶಿಲುಬೆಗೇರಿಸಿದರು, ನಡೆದದ್ದು ಒಂದೇ ಸಲ. ಆ ಘಟನೆಯನ್ನು ತೆಗೆದರೆ ಉಳಿಯುವುದು ಹಿರಿದಾದ ಭಕ್ತಿಯೇ ಆದೀತು, ಪೌಲನು ಹೇಳಿದ ನಂಬಿಕೆಯಾಗದು.

ಕಳ್ಳನ ಪ್ರಶ್ನೆಗೆ ಬರೋಣ. ಪೌಲನೂ ಯಾಕೋಬನೂ ಉದಾಹರಿಸುವುದು ಒಬ್ಬನೇ ಅಬ್ರಹಾಮನನ್ನು. ಪೌಲನು ತೋರಿಸುವುದು, ಮಕ್ಕಳಿಲ್ಲದ ಮುದುಕ ದೇವರ ಮಾತನ್ನು ನಂಬಿದ ಇರುಳನ್ನು. ಯಾಕೋಬನು ತೋರಿಸುವುದು, ಎಷ್ಟೋ ವರ್ಷದ ಮೇಲೆ ಅದೇ ಮುದುಕ ಮಗನನ್ನು ಕರೆದುಕೊಂಡು ಬೆಟ್ಟ ಹತ್ತಿದುದನ್ನು. ಒಂದು ಬೇರು, ಒಂದು ಫಲ. ಬೇರನ್ನು ನೋಡುವವನಿಗೂ ಫಲವನ್ನು ನೋಡುವವನಿಗೂ ಜಗಳ ಹತ್ತಿದರೆ ಮರವೇನು ಮಾಡೀತು? ಜಾನ್ ವೆಸ್ಲಿ 1738ರ ಮೇ 24ರ ಸಂಜೆ ಲಂಡನ್ನಿನಲ್ಲಿ, ರೋಮಾಪುರದ ಪತ್ರಕ್ಕೆ ಲೂಥರನು ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದುದನ್ನು ಕೇಳಿ, ತನ್ನ ಪಾಪವೂ ಪರಿಹಾರವಾಯಿತೆಂಬ ಭರವಸೆ ಪಡೆದನು. ಆತನ ಹೆಸರಿನ ಮಿಷನ್ನಿನವರೇ ಮುಂದೆ ಮೈಸೂರಿಗೆ ಬಂದು ಶಾಲೆ ತೆರೆದರು, ಅಚ್ಚುಕೂಟ ಇಟ್ಟರು, 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಸ್ಥಾಪಿಸಿದರು. ನಂಬಿಕೆಯೊಂದೇ ಸಾಕೆಂದವರು ಕೈಕಟ್ಟಿ ಕುಳಿತವರಂತೆ ಕಾಣುವುದಿಲ್ಲ. ಕರ್ಮ ಮೆಟ್ಟಿಲಾಗಿರುವುದು ನಿಂತಮೇಲೆ ಕೈಗೆ ಬಿಡುವಾಗುತ್ತದೆಯೋ ಏನೋ. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಈ ವಿಷಯದಲ್ಲಿ ಒಂದು ಜಂಟಿ ಘೋಷಣೆಗೆ ರುಜು ಹಾಕಿದರು. 2006ರಲ್ಲಿ ವೆಸ್ಲಿಯ ಅನುಯಾಯಿಗಳೂ ಜೊತೆಗೂಡಿದರು. ನಾಲ್ಕೂವರೆ ಶತಮಾನದ ವ್ಯಾಜ್ಯಕ್ಕೆ ಇದು ಅಲ್ಪ ಸಾಧನೆಯಲ್ಲ.

ನನ್ನನ್ನು ಚಿಂತೆಗೀಡುಮಾಡುವುದು ಈ ಹಳೆಯ ವ್ಯಾಜ್ಯವಲ್ಲ, ನಂಬಿಕೆಯ ಹೆಸರಿನಲ್ಲಿ ಈಗ ಕೇಳಿಬರುವ ಬೇರೊಂದು ಮಾತು. ನಂಬಿ, ರೋಗ ವಾಸಿಯಾಗುತ್ತದೆ. ನಂಬಿ, ಸಾಲ ತೀರುತ್ತದೆ. ವಾಸಿಯಾಗದಿದ್ದರೆ? ನಿಮ್ಮ ನಂಬಿಕೆ ಸಾಲದು. ಹಾಸಿಗೆ ಹಿಡಿದವನ ತಲೆದಿಂಬಿನ ಬಳಿ ನಿಂತು ಹೀಗೆ ಹೇಳುವುದಕ್ಕಿಂತ ಕ್ರೂರವಾದದ್ದನ್ನು ನಾನರಿಯೆ. ರೋಗದ ಮೇಲೆ ಅಪರಾಧವನ್ನೂ ಹೊರಿಸಿದಂತಾಯಿತು. ಇಂಥ ಮಾತು ಒಂದು ಮತದವರ ಸೊತ್ತೇನೂ ಅಲ್ಲ; ಹರಕೆ ಫಲಿಸದಿದ್ದರೆ ಹೊತ್ತವಳ ಮನಸ್ಸಿನಲ್ಲೇ ಕೊರತೆಯಿತ್ತೆಂದು ಹೇಳುವವರು ಎಲ್ಲ ಕಡೆಯೂ ಸಿಕ್ಕುತ್ತಾರೆ. ಆದರೆ ಕ್ರೈಸ್ತ ಬೋಧಕನ ಬಾಯಲ್ಲಿ ಅದು ಎರಡು ಪಟ್ಟು ತಪ್ಪು. ಎಷ್ಟು ಮಾಡಿದರೆ ಸಾಕು ಎಂಬ ಪ್ರಶ್ನೆಯಿಂದ ಬಿಡಿಸಲೆಂದೇ ಬಂದ ಮಾತನ್ನು ಅವನು ‘ಎಷ್ಟು ನಂಬಿದರೆ ಸಾಕು’ ಎಂದು ತಿರುಗಿಸಿ, ಸಾವಿರದ ಮೇಲೊಂದು ಮೆಟ್ಟಿಲನ್ನು ಕಟ್ಟಿದ. ಎಲ್ಲಕ್ಕಿಂತ ಎತ್ತರದ್ದು, ಕಣ್ಣಿಗೆ ಕಾಣದ್ದು. ಬಾವಿಗೆ ಇಳಿದವನನ್ನು ಹೊರುವುದು ಹಗ್ಗ, ಅವನ ಧೈರ್ಯವಲ್ಲ. ಕೈ ನಡುಗುತ್ತಿದ್ದರೂ ಹಗ್ಗ ಹಿಡಿದೇ ಇರುತ್ತದೆ.

ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಮೂರ್ಛೆರೋಗದ ಮಗನನ್ನು ಕರೆತಂದ ತಂದೆಯೊಬ್ಬನಿದ್ದಾನೆ. ಶಿಷ್ಯರ ಕೈಲಿ ಏನೂ ಆಗಿಲ್ಲ, ಸುತ್ತ ಜನ ಸೇರಿ ವಾದಕ್ಕೆ ತೊಡಗಿದ್ದಾರೆ. ನಂಬುವವನಿಗೆ ಎಲ್ಲವೂ ಸಾಧ್ಯವೆಂದು ಯೇಸು ಹೇಳಿದಾಗ ಆ ಬಡಪಾಯಿ ತಾನು ನಂಬುತ್ತೇನೆಂದೂ, ತನ್ನ ಅಪನಂಬಿಕೆಗೆ ನೀನೇ ನೆರವಾಗಬೇಕೆಂದೂ ಒಂದೇ ಉಸಿರಿನಲ್ಲಿ ಕೂಗಿಕೊಳ್ಳುತ್ತಾನೆ. ಅದರಲ್ಲಿ ನಂಬಿಕೆ ಎಷ್ಟು, ಅಪನಂಬಿಕೆ ಎಷ್ಟು ಎಂದು ಯೇಸು ಕೇಳಲಿಲ್ಲ. ನೆಲದ ಮೇಲೆ ಸತ್ತವನಂತೆ ಬಿದ್ದಿದ್ದ ಹುಡುಗನ ಕೈಹಿಡಿದು ಎಬ್ಬಿಸಿದನು.